ಗರಗಸ ಹಾಡಿದ ಆಷಾಢ

ಹೋದ ತಿಂಗಳು ಹೊಳೆನರಸೀಪುರದಲ್ಲಿ ನಮ್ಮ ನಾದಿನಿಯ ಮೊಮ್ಮಗುವಿನ ನಾಮಕರಣವಿತ್ತು. ಕಲ್ಯಾಣಮಂಟಪದ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗಲೇ ಆ ವಾಸನೆ ಮೂಗಿಗೆ ಬಂತು. ಫಿನಾಯಿಲು, ಹಿಂದಿನ ದಿನದ ಮದುವೆಯ ಬಾಡಿದ ಸುಗಂಧರಾಜ, ಅಡುಗೆಮನೆಯ ಸೌದೆ ಹೊಗೆ, ಇವೆಲ್ಲದರ ಅಡಿಯಲ್ಲಿ ಮಳೆಗೆ ನೆನೆದ ಗೋಡೆಯ ಸುಣ್ಣ. ಒಳಗೆ ತೊಟ್ಟಿಲು ಕಟ್ಟಿ ಹೆಂಗಸರು ಹಾಡು ಶುರುಮಾಡಿದ್ದರು. ನಾನು ಹೊಸಿಲಲ್ಲೇ ನಿಂತುಬಿಟ್ಟೆ. ಕೆಲವು ವರ್ಷಗಳ ಹಿಂದೆ ಒಂದು ಆಷಾಢವನ್ನು ಪೂರ್ತಿ ನಾನು ಈ ಮಂಟಪದಲ್ಲಿ ಕಳೆದಿದ್ದೆ. ಆಗ ಇಲ್ಲಿ ಮದುವೆಯಿರಲಿಲ್ಲ, ನೆಂಟರಿರಲಿಲ್ಲ. ಬೇರೊಂದು ಗ್ರಹದ ಗಾಳಿ ಬೀಸುತ್ತಿತ್ತು.

ಹಾಸನದಲ್ಲಿ ನಾನು ಪಿಟೀಲು ಹೇಳಿಕೊಡುತ್ತೇನೆ. ಮನೆಯ ಮುಂದಿನ ಕೋಣೆಯೇ ಪಾಠಶಾಲೆ. ಆ ಆಷಾಢಕ್ಕೆ ಒಂದು ವರ್ಷ ಮೊದಲು, ಬೂವನಹಳ್ಳಿಯ ಹತ್ತಿರ ಒದ್ದೆ ರಸ್ತೆಯಲ್ಲಿ ನನ್ನ ಸ್ಕೂಟರು ಜಾರಿ ಬಲಭುಜ ಮುರಿದಿತ್ತು. ಆಪರೇಷನ್ ಆಯಿತು, ಮೂಳೆ ಕೂಡಿತು. ಅಡುಗೆ ಮಾಡಬಲ್ಲೆ, ಬಟ್ಟೆ ಒಣಗಿಸಬಲ್ಲೆ ಎನ್ನುವಷ್ಟು ಸುಧಾರಿಸಿದೆ. ಆದರೆ ಕಮಾನು ಹಿಡಿದ ತೋಳನ್ನು ಪಕ್ಕಕ್ಕೆ ಚಾಚಿ ಆಡಿಸತೊಡಗಿದರೆ ಒಂದು ವರ್ಣ ಮುಗಿಯುವ ಮೊದಲೇ ಬೆರಳು ಮರಗಟ್ಟುತ್ತಿತ್ತು. ಮಕ್ಕಳಿಗೆ ಬಾಯಲ್ಲಿ ಹಾಡಿ ಪಾಠ ಹೇಳುವುದಕ್ಕೆ ಶುರುಮಾಡಿದೆ. ನನ್ನ ಪಿಟೀಲು ಬೀರುವಿನ ಮೇಲೆ ಹೋಯಿತು. ರಾಮನವಮಿ ಕಛೇರಿಗೆ ಕರೆಯಲು ಬಂದವರಿಗೆ ಆಗುವುದಿಲ್ಲ ಅಂದೆ. ಆಮೇಲೆ ಯಾರೂ ಕರೆಯಲಿಲ್ಲ. ಬೀರುವಿನ ಮೇಲಿನ ಧೂಳು ಒರೆಸುವಾಗ ಪಿಟೀಲಿನ ಪೆಟ್ಟಿಗೆಯನ್ನು ಎತ್ತದೆ, ಅದರ ಸುತ್ತ ಮಾತ್ರ ಒರೆಸುತ್ತಿದ್ದೆ.

ಆ ಸ್ಥಿತಿಯಲ್ಲಿರುವಾಗ ರಚನಾ ಬಂದಳು. ಅವಳು ಅರಕಲಗೂಡಿನವಳು, ನನ್ನ ಹಳೆಯ ಶಿಷ್ಯೆ. ಶಾಲೆಯ ದಿನಗಳಲ್ಲಿ ಪ್ರತಿ ಭಾನುವಾರ ಬಸ್ಸು ಹತ್ತಿ ಪಾಠಕ್ಕೆ ಬರುತ್ತಿದ್ದಳು. ಎಲ್ಲರೂ ಕಮಾನನ್ನು ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದರೆ ಇವಳು ತಂತಿಗಳನ್ನು ಎತ್ತಿಹಿಡಿಯುವ ಕುದುರೆಯ ಆಚೆಕಡೆ ಎಳೆದು, ಕೀರಲು ದನಿ ಎಬ್ಬಿಸಿ, "ಇದನ್ನ ಯಾಕೆ ನುಡಿಸಬಾರದು ಮೇಡಂ?" ಎಂದು ಕೇಳುವ ಹುಡುಗಿ. ಆಮೇಲೆ ಸಿನಿಮಾ ಸಂಗೀತ ನಿರ್ದೇಶಕರ ಬಳಿ ಬಹಳ ಕಾಲ ಸಹಾಯಕಿಯಾಗಿದ್ದಳು. ಈಗ ಮೊದಲ ಬಾರಿಗೆ ತನ್ನದೇ ಹೆಸರಿನಲ್ಲಿ ಒಂದು ಚಿತ್ರ ಸಿಕ್ಕಿತ್ತು. ಅದೂ ಕನ್ನಡದಲ್ಲಿ ಅಪರೂಪಕ್ಕೆ ಬರುವ ಥರದ್ದು, ವಿಜ್ಞಾನದ ಕಥೆ.

ಕಥೆಯನ್ನು ಅವಳು ಕಾಫಿ ಆರಿಹೋಗುವವರೆಗೆ ಹೇಳಿದಳು. ಭೂಮಿಯಿಂದ ಬಹುದೂರದ ಒಂದು ಗ್ರಹ. ಅಲ್ಲಿ ಗಾಳಿ ಬೀಸುವುದು ನಿಲ್ಲುವುದೇ ಇಲ್ಲ. ಹವೆ ಅಳೆಯುವ ಪುಟ್ಟ ಕೇಂದ್ರವೊಂದರಲ್ಲಿ ಒಬ್ಬಳೇ ಹೆಂಗಸು. ಜೊತೆಗಿದ್ದವನು ತೀರಿಹೋಗಿದ್ದಾನೆ. ಅವಳನ್ನು ಕರೆದುಕೊಂಡು ಹೋಗಲು ಭೂಮಿಯಿಂದ ನೌಕೆ ಬರಬೇಕು. ಅದು ಬರುವುದಿಲ್ಲ ಎಂದು ಕೊನೆಗೆ ಗೊತ್ತಾಗುತ್ತದೆ. ಚಿತ್ರದಲ್ಲಿ ಮಾತು ತೀರಾ ಕಡಿಮೆ. ಹೇಳಬೇಕಾದ್ದನ್ನೆಲ್ಲ ಸಂಗೀತವೇ ಹೇಳಬೇಕು.

ಚಿತ್ರದ ನಿರ್ದೇಶಕರು ಸದ್ಯಕ್ಕೆಂದು ಕಂಪ್ಯೂಟರಿನಲ್ಲಿ ಮಾಡಿಸಿಟ್ಟ ಸಂಗೀತವನ್ನು ರಚನಾ ನನಗೆ ಕೇಳಿಸಿದಳು. ಭರ್ತಿ ವಾದ್ಯವೃಂದ, ಗುಡುಗಿನಂಥ ನಗಾರಿ.

"ಹೇಗಿದೆ ಮೇಡಂ?"

"ಚೆನ್ನಾಗಿದೆ. ಭಾರೀ ಇದೆ."

"ಇನ್ನೊಂದು ಸಲ ಕೇಳಿ. ಅಷ್ಟೊಂದು ಪಿಟೀಲು ನುಡೀತಿದೆ, ಒಂದಾದ್ರೂ ಕಮಾನು ತಿರುಗಿಸುತ್ತಾ? ಕೊಳಲಿನವನು ಎಲ್ಲಾದ್ರೂ ಉಸಿರು ತಗೊಳ್ತಾನಾ? ಅವಳು ಒಬ್ಬಳೇ ಇದಾಳೆ ಮೇಡಂ ಅಲ್ಲಿ. ಅವಳ ಜೊತೆ ಉಸಿರಾಡೋವಂಥದ್ದು ಏನಾದ್ರೂ ಇರಬೇಕು."

ಮತ್ತೆ ಕೇಳಿದೆ. ಅವಳು ಹೇಳಿದ್ದು ನಿಜವಾಗಿತ್ತು. ಹೇಳಿದ ಮೇಲೆ ಬೇರೇನೂ ಕೇಳಿಸದಂತಾಯಿತು.

ನಿರ್ದೇಶಕರು ಅವಳಿಗೆ ಆಷಾಢದ ಕೊನೆಯವರೆಗೆ ಸಮಯ ಕೊಟ್ಟಿದ್ದರು. ಅಷ್ಟರಲ್ಲಿ ಇದಕ್ಕಿಂತ ಒಳ್ಳೆಯದನ್ನು ತಂದರೆ ಸರಿ, ಇಲ್ಲದಿದ್ದರೆ ಇದೇ ಚಿತ್ರಕ್ಕೆ ಸೇರುತ್ತದೆ, ಅವಳ ಹೆಸರಿನಲ್ಲೇ. ದೊಡ್ಡ ಊರಿನ ವಾದ್ಯವೃಂದವನ್ನು ಕರೆಸುವ ಶಕ್ತಿ ಚಿತ್ರ ಮಾಡುವವರಿಗೆ ಇರಲಿಲ್ಲ. ಅದಕ್ಕೇ ಅವಳು ಊರ ಕಡೆ ಬಂದಿದ್ದಳು.

"ಆಷಾಢದಲ್ಲಿ ಮದುವೆ ಇರಲ್ಲ ಅಲ್ವಾ ಮೇಡಂ," ಅಂದಳು. "ಅಂದ್ರೆ ಬ್ಯಾಂಡಿನವರೆಲ್ಲ ಬಿಡುವಾಗಿರ್ತಾರೆ. ಛತ್ರಗಳೂ ಖಾಲಿ."

ಹೊಳೆನರಸೀಪುರದ ಪುಟ್ಟಸ್ವಾಮಣ್ಣನ ಬ್ಯಾಂಡ್‌ಸೆಟ್ ಸುತ್ತಮುತ್ತ ಹೆಸರುವಾಸಿ. ಕೆಂಪು ಕೋಟು, ಚಿನ್ನದ ಬಣ್ಣದ ಪಟ್ಟಿ, ಟ್ರಂಪೆಟ್ಟು, ಕ್ಲಾರಿಯೋನೆಟ್ಟು, ಡೋಲು. ಪುಟ್ಟಸ್ವಾಮಣ್ಣ ಸ್ವತಃ ನುಡಿಸುವುದು ಯುಫೋನಿಯಂ, ಹೊಟ್ಟೆಗೆ ಆನಿಸಿಕೊಂಡು ಊದುವ ದೊಡ್ಡ ಹಿತ್ತಾಳೆ ವಾದ್ಯ. ನಾವಿಬ್ಬರೂ ಅವರ ಮನೆಗೆ ಹೋದಾಗ ಜಗಲಿಯ ಮೇಲೆ ಅದನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತ ಕೂತಿದ್ದರು.

"ಆರ್ಕೆಸ್ಟ್ರಾ ಅಂದ್ರೆ ಗಣಪತಿ ಅಬ್ಬದಾಗೆ ಲೈಟ್ ಹಾಕ್ಕಂಡು ಆಡೇಳ್ತಾರಲ್ಲ, ಅದಾ?" ಎಂದು ಕೇಳಿದರು.

"ಅದಲ್ಲ ಮಾಸ್ಟ್ರೇ. ಎಲ್ಲರೂ ಕೂತ್ಕೊಂಡು ನುಡಿಸೋದು. ಸಿನಿಮಾಕ್ಕೆ. ಆಕಾಶದಲ್ಲಿ ನಡೆಯೋ ಕಥೆ."

ಪುಟ್ಟಸ್ವಾಮಣ್ಣ ಉಜ್ಜುವುದನ್ನು ನಿಲ್ಲಿಸಿದರು. "ಆಕಾಸದಾಗೆ ಗಾಳಿನೇ ಇಲ್ವಂತಲ್ಲವ್ವ. ನಮ್ ತಂಗಿ ಮಗ ಹಾಸನದ ಸ್ಯಾಟಲೈಟ್ ಆಪೀಸ್ನಾಗೆ ಕೆಲ್ಸ ಮಾಡ್ತನೆ, ಅವ್ನೇ ಯೋಳ್ದ. ಗಾಳಿ ಇಲ್ದಿದ್ಮೇಲೆ ಸಬ್ದ ಎಂಗ್ ಬತ್ತದೆ?"

"ಹೊರಗಡೆ ಬರಲ್ಲ ಮಾಸ್ಟ್ರೇ. ನಾವು ನುಡಿಸೋದು ಅಲ್ಲಿ ಇರೋಳ ಒಳಗಿರೋದನ್ನ."

ಅವರು ಮತ್ತೆ ಉಜ್ಜುವುದಕ್ಕೆ ಶುರುಮಾಡಿ, "ಸರಿ ಬತ್ತೀವಿ, ಆಸಾಡ್ದಾಗೆ ಸುಮ್ಕೆ ಕೂತಿರೋದ್ಕಿಂತ ವಾಸಿ," ಅಂದರು.

ಹೀಗೆ ಆ ಮಂಟಪದಲ್ಲಿ ಒಂದು ವಾದ್ಯವೃಂದ ಕೂಡಿತು. ವಧೂವರರ ಕುರ್ಚಿಗಳನ್ನು ಗೋಡೆಗೆ ಸರಿಸಿ ವೇದಿಕೆಯ ಮೇಲೆ ಹಿತ್ತಾಳೆ ವಾದ್ಯದವರು. ಕೆಳಗೆ ಜಮಖಾನದ ಮೇಲೆ ನನ್ನ ದೊಡ್ಡ ಶಿಷ್ಯೆಯರು ಪಿಟೀಲು ಹಿಡಿದು. ಇದಲ್ಲದೆ ರಚನಾ ಮಂಟಪದ ಅಡುಗೆಮನೆಗೆ ನುಗ್ಗಿ ಪಾತ್ರೆಗಳನ್ನೆಲ್ಲ ಬಡಿದು ನೋಡಿದಳು. ಸಾವಿರ ಜನಕ್ಕೆ ಸಾರು ಮಾಡುವ ದೊಡ್ಡ ಕೊಪ್ಪರಿಗೆಯೊಂದು ಅವಳಿಗೆ ಬಹಳ ಹಿಡಿಸಿತು. ಅದರ ತಳದಲ್ಲಿ ಒಂದಷ್ಟು ನೀರು ಬಿಟ್ಟು, ಬಟ್ಟೆ ಸುತ್ತಿದ ಸೌಟಿನಿಂದ ಅಂಚಿಗೆ ಮೆಲ್ಲನೆ ಬಡಿದು, ಇಬ್ಬರು ಹಿಡಿಗಳನ್ನು ಹಿಡಿದು ವಾಲಿಸಿದರೆ ನಾದ ಬಾಗುತ್ತಿತ್ತು. ನೀರು ಆ ಕಡೆ ಹೋದರೆ ಸ್ವರ ಇಳಿಯುತ್ತದೆ, ಈ ಕಡೆ ಬಂದರೆ ಏರುತ್ತದೆ. ಡೋಲಿನವನಿಗೆ ಕೋಲು ಕೆಳಗಿಡಲು ಹೇಳಿ, ಒದ್ದೆ ಹೆಬ್ಬೆರಳನ್ನು ಚರ್ಮದ ಮೇಲೆ ಒತ್ತಿ ಎಳೆಯುವುದನ್ನು ಕಲಿಸಿದಳು. ದೂರದಲ್ಲಿ ಯಾವುದೋ ಪ್ರಾಣಿ ನರಳಿದ ಹಾಗೆ ಕೇಳಿತು. ಒಂದು ನಾದಸ್ವರ ತರಿಸಿ ಅದರ ಪೀಪಿಯನ್ನು ಕೊಳವೆಯಿಂದ ಬಿಚ್ಚಿ ಬರೀ ಪೀಪಿಯನ್ನೇ ಊದಿಸಿದಳು. ಅದು ಕೆಟ್ಟುಹೋದ ಯಂತ್ರದ ಸಂಕೇತವಾಯಿತು. ಹೊಸ ದನಿ ಹುಟ್ಟಿದಾಗಲೆಲ್ಲ ಅವಳ ಮುಖದಲ್ಲಿ ಆ ಹಳೆಯ ಭಾನುವಾರದ ಹುಡುಗಿ ಕಾಣುತ್ತಿದ್ದಳು. ಆದರೆ ಅವು ಬರೀ ಚಮತ್ಕಾರವಾಗಿ ಉಳಿಯಲಿಲ್ಲ. ಯಾವ ದನಿ ಎಲ್ಲಿ ಬರಬೇಕು, ಬಂದು ಎಷ್ಟು ಬೇಗ ಹೋಗಬೇಕು ಎನ್ನುವುದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಅಷ್ಟು ಚೆಂದದ ಕೊಪ್ಪರಿಗೆಯ ನಾದವನ್ನು ಇಡೀ ಚಿತ್ರದಲ್ಲಿ ಎರಡೇ ಕಡೆ ಬಳಸಿದಳು.

ಮೊದಲ ದಿನ ಬ್ಯಾಂಡು ನುಡಿಸಿದಾಗ ಮಾಡಿನ ಪಾರಿವಾಳಗಳೆಲ್ಲ ಎದ್ದು ಹಾರಿದವು.

"ಇನ್ನೂ ಮೆಲ್ಲಗೆ ಮಾಸ್ಟ್ರೇ."

ಮತ್ತೆ ನುಡಿಸಿದರು. "ಇನ್ನೂ." ಮತ್ತೆ. ಕೊನೆಗೆ ಪುಟ್ಟಸ್ವಾಮಣ್ಣ ಯುಫೋನಿಯಂ ಕೆಳಗಿಟ್ಟು ಬೆವರು ಒರೆಸಿಕೊಂಡರು. "ಅಮ್ಮಣ್ಣಿ, ನಾವು ಬೀದಿನಾಗೆ ಊದೋರು. ಪಟಾಕಿ, ಲಾರಿ ಆರನ್ನು, ಕುಡ್ದು ಕುಣಿಯೋರ ಕೂಗಾಟ, ಎಲ್ಲಾದ್ರ ಮ್ಯಾಲೆ ಕೇಳುಸ್ಬೇಕು. ಮೆತ್ತಗೆ ಊದಿ ಅಂತ ನಮ್ಗೆ ಯಾರೂ ಯೋಳೇ ಇಲ್ಲ ಕಣವ್ವ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. ರಚನಾ ವೇದಿಕೆ ಹತ್ತಿ ಅವರ ಪಕ್ಕದಲ್ಲೇ ಕೂತಳು. "ಸ್ವರ ಬೇಡ ಮಾಸ್ಟ್ರೇ. ಬರೀ ಉಸಿರು ಬಿಡಿ ಅದರೊಳಗೆ. ದನಿ ಬರಲೇಬಾರದು." ಆ ದಿನವೆಲ್ಲ ಅವರು ಅಷ್ಟನ್ನೇ ಮಾಡಿದರು. ಹಿತ್ತಾಳೆಯ ಕೊಳವೆಗಳಲ್ಲಿ ಉಸಿರು ಒಳಹೋಗಿ ಹೊರಬರುವ ಶಬ್ದ, ಒಬ್ಬರದು ಮುಗಿಯುವ ಮೊದಲೇ ಇನ್ನೊಬ್ಬರದು. ಕಣ್ಣು ಮುಚ್ಚಿ ಕೇಳಿದೆ. ಬಯಲಿನಲ್ಲಿ ಬೀಸುವ ಗಾಳಿ ಅದು, ಆದರೆ ಯಾವ ಬಯಲೂ ನನಗೆ ಗೊತ್ತಿರುವ ಬಯಲಾಗಿರಲಿಲ್ಲ. ಸಂಜೆಯ ಹೊತ್ತಿಗೆ ಆ ಉಸಿರಿನ ಒಳಗಿಂದ, ಯಾರೂ ಕೇಳದೆಯೇ, ಯುಫೋನಿಯಂನ ಒಂದು ಸ್ವರ ಮೊಳೆಯಿತು. ಇದ್ದೂ ಇಲ್ಲದಂಥದ್ದು. ಪುಟ್ಟಸ್ವಾಮಣ್ಣನೇ ಬೆರಗಾಗಿ ವಾದ್ಯವನ್ನು ನೋಡಿಕೊಂಡರು. ಚಿತ್ರ ಶುರುವಾಗುವುದು ಆ ಉಸಿರಿನಿಂದ, ಆ ಸ್ವರದಿಂದ.

ಇನ್ನು ಗರಗಸ. ಮರ ಕೊಯ್ಯುವ ಕೈಗರಗಸವನ್ನು ಕಮಾನಿನಿಂದ ನುಡಿಸುವ ಪದ್ಧತಿ ಹೊರದೇಶಗಳಲ್ಲಿ ಇದೆಯಂತೆ. ಹಿಡಿಯನ್ನು ಮಂಡಿಗಳ ನಡುವೆ ಒತ್ತಿಕೊಂಡು, ತುದಿಯನ್ನು ಎಡಗೈಯಲ್ಲಿ ಬಾಗಿಸಿ, ಹಲ್ಲಿಲ್ಲದ ಅಂಚಿನ ಮೇಲೆ ಕಮಾನು ಎಳೆಯಬೇಕು. ಇದನ್ನು ಬಲ್ಲವರೊಬ್ಬರು ಬೆಂಗಳೂರಿನಿಂದ ಬರುವವರಿದ್ದರು. ಬರಲಾಗುವುದಿಲ್ಲ ಎಂದು ಸಂದೇಶ ಕಳಿಸಿದರು. ರಚನಾ ಅರಕಲಗೂಡಿನ ಹಾರ್ಡ್‌ವೇರ್ ಅಂಗಡಿಯಿಂದ ಹೊಸ ಗರಗಸ ತಂದು ತಾನೇ ಪ್ರಯತ್ನಿಸಿದಳು. ಕಿರ್ರೆನ್ನುವುದು ಬಿಟ್ಟರೆ ಇನ್ನೇನೂ ಬರಲಿಲ್ಲ.

ನನ್ನನ್ನು ಅವಳು ಕೇಳಲಿಲ್ಲ. ನನ್ನ ಭುಜದ ವಿಷಯ ಅವಳಿಗೆ ಗೊತ್ತಿತ್ತು. ಆದರೆ ಅವಳು ಕಮಾನನ್ನು ಅಷ್ಟು ಒರಟಾಗಿ ಒತ್ತುವುದನ್ನು ನೋಡಲಾಗದೆ ನಾನೇ, "ಕೊಡಿಲ್ಲಿ, ಕಮಾನು ಹಿಡಿಯೋದನ್ನ ಮರೆತೇಬಿಟ್ಟಿದೀಯ," ಎಂದು ಕಸಿದುಕೊಂಡೆ. ಸೀರೆಗೆ ಹಲ್ಲು ತಗುಲದಿರಲಿ ಎಂದು ತೊಡೆಯ ಮೇಲೆ ಜಮಖಾನ ಮಡಚಿ ಹಾಕಿಕೊಂಡೆ. ಬಲತೋಳು ಮಂಡಿಯ ಪಕ್ಕಕ್ಕೆ ಇಳಿಬಿದ್ದು ತಾನಾಗಿಯೇ ನೆಲೆಯಾಯಿತು. ಭುಜ ಎತ್ತುವ ಅಗತ್ಯವೇ ಇರಲಿಲ್ಲ. ಇಲ್ಲಿ ವೇಗವೂ ಬೇಕಿಲ್ಲ, ಒಂದೇ ಉದ್ದನೆಯ ನಿಧಾನದ ಎಳೆತ. ಮೊದಲು ಏನೂ ಬರಲಿಲ್ಲ. ತುದಿಯನ್ನು ಇನ್ನಷ್ಟು ಬಾಗಿಸಿ ಮತ್ತೆ ಎಳೆದೆ. ಉಕ್ಕು ನಡುಗಿತು. ಆಮೇಲೆ ಹಾಡಿತು.

ಅದನ್ನು ಹೇಗೆ ಹೇಳಲಿ? ಪಿಟೀಲಿನಷ್ಟು ಶುದ್ಧವಲ್ಲ, ಕೊಳಲಿನಷ್ಟು ತೆಳುವಲ್ಲ. ಬಾಯಿ ತೆರೆಯದೆ ಹಾಡುವ ಹೆಂಗಸಿನ ದನಿ. ಸ್ವರದಿಂದ ಸ್ವರಕ್ಕೆ ಹಾರುವುದಿಲ್ಲ, ಜಾರುತ್ತದೆ. ಎಲ್ಲಿ ಯಾವ ಸ್ವರವಿದೆ ಎಂಬುದಕ್ಕೆ ಗುರುತಿಲ್ಲ, ಕಿವಿಯೊಂದೇ ಆಧಾರ. ನಾನು ಒಂದು ಸ್ವರದ ಮೇಲೆ ನಿಂತೆ. ಕೈ ನೋಯಲಿಲ್ಲ. ಇನ್ನೂ ನಿಂತೆ.

ವೇದಿಕೆಯ ಮೇಲೆ ಟೀ ಕುಡಿಯುತ್ತಿದ್ದ ಪುಟ್ಟಸ್ವಾಮಣ್ಣ ಲೋಟ ಕೆಳಗಿಟ್ಟರು. "ತಡೀರಿ ಟೀಚರಮ್ಮ, ಬುಡ್ಬ್ಯಾಡಿ, ಅಂಗೇ ಇಡ್ಕಳಿ," ಅಂದು ಯುಫೋನಿಯಂ ಎತ್ತಿಕೊಂಡು ನನ್ನ ಸ್ವರವನ್ನು ಹುಡುಕತೊಡಗಿದರು. ಹುಡುಕಿ ಅದರ ಕೆಳಗೆ, ಎರಡು ಸ್ಥಾಯಿ ಕೆಳಗೆ ಬಂದು ಕೂತರು. ನಾನು ಮೇಲಕ್ಕೆ ಜಾರಿದೆ. ಅವರು ಕದಲಲಿಲ್ಲ. ಆ ಅಷ್ಟೆತ್ತರ ಅಷ್ಟಾಳಗಳ ನಡುವೆ ಖಾಲಿ ಮಂಟಪವೆಲ್ಲ ತುಂಬಿದಂತಿತ್ತು. ರಚನಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದಳು. ನನ್ನ ಕಣ್ಣು ಮಂಜಾದ್ದರಿಂದ ಅವಳ ಮುಖ ಸರಿಯಾಗಿ ಕಾಣಲಿಲ್ಲ.

ಮನೆಗೆ ಗರಗಸ ತಂದು ಬೆಳಗ್ಗೆ ಸಂಜೆ ಸಾಧನೆ ಶುರುಮಾಡಿದೆ. ನಮ್ಮ ಯಜಮಾನರು ಮೊದಲ ದಿನ, "ಏನೇ, ಸಂಗೀತ ಬಿಟ್ಟು ಮರಗೆಲಸಕ್ಕೆ ಹೊರಟ್ಯಾ?" ಎಂದು ನಕ್ಕರು. ಆಮೇಲೆ ಪೇಪರು ಮಡಚಿಟ್ಟು ಬಾಗಿಲಲ್ಲಿ ಬಂದು ಕೂರತೊಡಗಿದರು.

ಆ ವರ್ಷ ಆಷಾಢದ ಜಡಿ ಬಿಡದೆ ಹಿಡಿದಿತ್ತು. ಪಕ್ಕದ ಊಟದ ಹಾಲ್‌ಗೆ ತಗಡಿನ ಛಾವಣಿ, ಹನಿ ಬಿದ್ದರೆ ಸಾಕು, ಮೈಕುಗಳಲ್ಲೆಲ್ಲ ಅದೇ. ಮಳೆ ನಿಂತ ಬಿಡುವುಗಳಲ್ಲಿ ಮಾತ್ರ ರೆಕಾರ್ಡಿಂಗು. ಚಿಕ್ಕ ಚಿಕ್ಕ ತುಣುಕುಗಳು ಮುಗಿದವು. ಉಳಿದದ್ದು ಎಲ್ಲಕ್ಕಿಂತ ಉದ್ದದ್ದು, ನೌಕೆ ಬರುವುದಿಲ್ಲ ಎಂದು ತಿಳಿದ ಹೆಂಗಸು ಹೊರಗೆ ಬಂದು ನಿಲ್ಲುವ ದೃಶ್ಯದ್ದು. ಕೊನೆಯ ದಿನ ಬೆಳಗ್ಗೆಯಿಂದ ಒಂದೇ ಸಮ ಮಳೆ. ಅದೇ ಹೊತ್ತಿಗೆ ನಿರ್ದೇಶಕರು ಕಾರಿನಲ್ಲಿ ಬಂದಿಳಿದರು. ಒದ್ದೆ ಕೊಡೆ ಮಡಚುತ್ತ ಒಳಗೆ ನೋಡಿದರು. ಮದುವೆ ಬ್ಯಾಂಡು, ಸಾರಿನ ಕೊಪ್ಪರಿಗೆ, ಗರಗಸ ಹಿಡಿದು ಕೂತ ಸೀರೆಯ ಹೆಂಗಸು.

"ರಚನಾ, ಏನಮ್ಮ ಇದು? ಆರತಕ್ಷತೆನಾ?"

ಆ ಮನುಷ್ಯ ಕೆಟ್ಟವರಲ್ಲ, ದಣಿದಿದ್ದರು. "ನಾಳೆ ನಾನು ಎಲ್ಲ ಫೈನಲ್ ಮಾಡ್ಬೇಕು. ಕಂಪ್ಯೂಟರಿನದೇ ಇಟ್ಕೊಳ್ಳೋಣ. ಯಾರೂ ನಿನ್ನ ತಪ್ಪು ಅನ್ನಲ್ಲ," ಅಂದರು. ರಚನಾ ವೇದಿಕೆಯ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಳು. ಪುಟ್ಟಸ್ವಾಮಣ್ಣನೇ ಮುಂದೆ ಬಂದು, "ಸಾ, ಊಟ ಮಾಡ್ಕಂಡು ಓಗಿ ಸಾ, ಮುದ್ದೆ ಮಾಡ್ಸಿವ್ನಿ. ಅಷ್ಟ್ರಾಗೆ ಮಳೆ ನಿಂತ್ರೆ ಕೇಳಿ. ನಿಲ್ದಿದ್ರೆ ನಿಮ್ಮಿಷ್ಟ," ಅಂದರು.

ಊಟವಾಯಿತು. ಮಳೆ ನಿಲ್ಲಲಿಲ್ಲ. ಅವರು ಕಾರಿನ ಕೀಲಿ ತೆಗೆದರು, ಯಾವುದೋ ಫೋನು ಬಂತು, ಮಾತಾಡುತ್ತ ಬಾಗಿಲಲ್ಲಿ ನಿಂತರು. ಆ ಮಾತು ಮುಗಿಯುವಷ್ಟರಲ್ಲಿ ತಗಡಿನ ಸದ್ದು ತೆಳುವಾಗಿ, ಬಿಡಿಬಿಡಿಯಾಗಿ, ನಿಂತಿತು. ರಚನಾ ತಲೆ ಎತ್ತಿದಳು. ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋದರು. ಅವಳು ಪರದೆಯ ಮೇಲೆ ದೃಶ್ಯ ಹಾಕಿ ಕೈ ಎತ್ತಿದಳು.

ಮೊದಲು ಹಿತ್ತಾಳೆಯ ಉಸಿರು. ಪರದೆಯಲ್ಲಿ ಬಾಗಿಲು ತೆರೆಯುತ್ತದೆ, ಹೆಂಗಸು ಹೊರಗೆ ಕಾಲಿಡುತ್ತಾಳೆ. ಪಿಟೀಲುಗಳು ಕುದುರೆಯ ಆಚೆಕಡೆ, ಮರಳು ಸರಿದಂತೆ. ಕೊಪ್ಪರಿಗೆಯ ಒಂದೇ ಪೆಟ್ಟು, ಅದರ ನಾದ ಬಾಗುತ್ತ ಬಾಗುತ್ತ ಇಳಿಯುತ್ತಿರುವಾಗ ಯುಫೋನಿಯಂ. ಟ್ರಂಪೆಟ್ಟಿನವನನ್ನು ರಚನಾ ಊಟದ ಹಾಲ್‌ನ ಆ ತುದಿಗೆ ಕಳಿಸಿದ್ದಳು. ಅವನು ಅಲ್ಲಿಂದ ಊದಿದ ಒಂದು ಸ್ವರ ಎಷ್ಟೋ ವರ್ಷಗಳ ಹಿಂದೆ ಹೊರಟು ಈಗ ತಲುಪಿದ ಹಾಗಿತ್ತು. ದಿಗಂತದಲ್ಲಿ ಆ ಗ್ರಹದ ಎರಡನೆಯ ಚಂದ್ರ ಮೂಡಿದಾಗ ನನ್ನ ಸರದಿ. ನಾನು ಪರದೆಯನ್ನು ನೋಡಲಿಲ್ಲ, ಪುಟ್ಟಸ್ವಾಮಣ್ಣನ ಕೆನ್ನೆಯನ್ನು ನೋಡುತ್ತಿದ್ದೆ. ಅವರ ಸ್ವರದಿಂದ ಎದ್ದು, ಹೋಗಬಹುದಾದಷ್ಟು ಮೇಲಕ್ಕೆ ಹೋಗಿ, ಉಕ್ಕು ಇನ್ನು ಬಾಗುವುದಿಲ್ಲ ಎನ್ನುವಲ್ಲಿ ನಿಂತೆ. ಕೆಳಗೆ ಒಬ್ಬೊಬ್ಬರಾಗಿ ನುಡಿಸುವುದನ್ನು ಬಿಟ್ಟರು. ಕೊನೆಗೆ ನನ್ನ ಸ್ವರವೊಂದೇ ಉಳಿದು ಅದೂ ಸಣ್ಣಗಾಗಿ ಹೋಯಿತು.

ನಿರ್ದೇಶಕರು ಕೊಡೆಯನ್ನು ಎದೆಗೊತ್ತಿಕೊಂಡು ನಿಂತಿದ್ದರು. "ಇನ್ನೊಂದು ಸಲ ಹಾಕಮ್ಮ," ಅಂದರು. ಈಗ ರೆಕಾರ್ಡಾದ ಸಂಗೀತದ ಜೊತೆಗೆ ದೃಶ್ಯ ಓಡಿತು. ಚಂದ್ರನನ್ನು ನೋಡುತ್ತ ಆ ಹೆಂಗಸು ತನಗೆ ತಾನೇ ಆಡಿಕೊಳ್ಳುವ ಮಾತುಗಳು ಅದರಲ್ಲಿದ್ದವು. ಅವರೇ ಬರೆದಿದ್ದ ಮಾತುಗಳು.

"ಈ ಮಾತು ತೆಗೆದುಬಿಡ್ತೀನಿ," ಅಂದರು. "ಎಲ್ಲ ತೆಗೀತೀನಿ. ಇಲ್ಲಿ ಅವಳು ಮಾತಾಡೋದು ಬೇಡ."

ರಚನಾ ಅತ್ತದ್ದು ಆಗಲೇ.

ಚಿತ್ರ ಬಂದಾಗ ಹಾಸನದಲ್ಲಿ ಒಂದೇ ಥಿಯೇಟರಿನಲ್ಲಿ ಹಾಕಿದ್ದರು. ಒಂದು ವಾರ ಓಡಿತು. ನಾವು ಹೋದ ದಿನ ಅರ್ಧಕ್ಕಿಂತ ಹೆಚ್ಚು ಕುರ್ಚಿ ಖಾಲಿ. ಪುಟ್ಟಸ್ವಾಮಣ್ಣ ಹೆಂಡತಿಯನ್ನೂ ತಂಡದವರನ್ನೂ ಕರೆದುಕೊಂಡು ಬಂದು ಒಂದು ಸಾಲು ಪೂರ್ತಿ ಕೂತಿದ್ದರು. ಎರಡನೆಯ ಚಂದ್ರ ಮೂಡುವಾಗ ನನ್ನ ಹಿಂದೆ ಯಾರೋ ಹೆಂಗಸು ಪಕ್ಕದವಳಿಗೆ ಪಿಸುಗುಟ್ಟಿದಳು: "ಯಾರೇ ಇದು ಹಾಡ್ತಿರೋದು? ಎಂಥ ಗಂಟಲು ನೋಡೇ." ತಿರುಗಿ ನಾನೇ ಎನ್ನಬೇಕು ಅನಿಸಿತು. ಕತ್ತಲಲ್ಲಿ ಒಬ್ಬಳೇ ನಗುತ್ತ ಕೂತೆ.

ಆ ಸಂಗೀತ ಕೇಳಿದವರು ರಚನಾಗೆ ಮತ್ತೆರಡು ಚಿತ್ರ ಕೊಟ್ಟರು. ಎರಡರಲ್ಲೂ ನನಗೆ ಕೆಲಸವಿತ್ತು. ಪಾಠಕ್ಕೆ ಬರುವ ಮಕ್ಕಳು ಈಗ ಪಿಟೀಲಿಗಿಂತ ಮೊದಲು ಗರಗಸ ನುಡಿಸಿ ಎಂದು ಪೀಡಿಸುತ್ತಾರೆ.

ಆ ಚಿತ್ರ ಬಂದ ಮೇಲಿನ ಬೇಸಿಗೆಯಲ್ಲಿ ಚನ್ನರಾಯಪಟ್ಟಣದಲ್ಲಿ ನಮ್ಮ ಸಂಬಂಧಿಕರ ಮದುವೆಯಿತ್ತು. ಬ್ಯಾಂಡು ಪುಟ್ಟಸ್ವಾಮಣ್ಣನದೇ. ದಿಬ್ಬಣದಲ್ಲಿ ಎಂದಿನ ಹಾಗೆ ಕಿವಿಗಡಚಿಕ್ಕುವ ಕುಣಿತದ ಹಾಡುಗಳು. ಮಧ್ಯಾಹ್ನ ಹೆಣ್ಣನ್ನು ಕಳಿಸಿಕೊಡುವ ಹೊತ್ತಿಗೆ ಮಂಟಪದ ಮುಂದೆ ಗದ್ದಲವೋ ಗದ್ದಲ. ಯಾರದೋ ಬ್ಯಾಗು ಕಾಣುತ್ತಿಲ್ಲ, ಕಾರು ಹಿಂದಕ್ಕೆ ತೆಗೆಯಿರಿ ಎಂದು ಕೂಗು, ಹುಡುಗಿ ತಾಯಿಯ ಕತ್ತು ತಬ್ಬಿಕೊಂಡು ಬಿಕ್ಕುತ್ತಿದ್ದಾಳೆ. ಪುಟ್ಟಸ್ವಾಮಣ್ಣ ಡೋಲಿನವನಿಗೆ ಕೈ ಮಾಡಿ ನಿಲ್ಲಿಸಿದರು. ತಂಡದವರ ಕಡೆ ತಿರುಗಿ ಏನೋ ಹೇಳಿದರು. ಹಿತ್ತಾಳೆ ಕೊಳವೆಗಳಲ್ಲಿ ಉಸಿರು ಹರಿಯತೊಡಗಿತು. ಅದರ ಒಳಗಿಂದ ಯುಫೋನಿಯಂ ಮೆಲ್ಲನೆ ಎದ್ದಿತು. ನಾನು ಗರಗಸದಲ್ಲಿ ನುಡಿಸಿದ್ದನ್ನು ಕ್ಲಾರಿಯೋನೆಟ್ಟಿನವನು ನುಡಿಸುತ್ತಿದ್ದ.

ಕೂಗುತ್ತಿದ್ದವರು ಕೂಗು ನಿಲ್ಲಿಸಿದರು. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ಬೈಕ್ ಆಫ್ ಮಾಡಿದ. ಹುಡುಗಿ ತಾಯಿಯನ್ನು ಬಿಟ್ಟು, ಕಣ್ಣೊರೆಸಿಕೊಂಡು, ನಿಧಾನವಾಗಿ ಕಾರಿನ ಕಡೆ ನಡೆದಳು.

ಕಾರು ಹೋದ ಮೇಲೆ ಹೆಣ್ಣಿನ ತಂದೆ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒತ್ತಿಕೊಂಡು ಬಂದರು. "ಮಾಸ್ಟ್ರೇ, ಈಗ ಊದುದ್ರಲ್ಲ, ಯಾವ ಪಿಚ್ಚರ್‌ದು ಅದು?"

ಪುಟ್ಟಸ್ವಾಮಣ್ಣ ಯುಫೋನಿಯಂನ ಬಾಯಿಯನ್ನು ಕೆಂಪು ಕೋಟಿನ ತೋಳಿಗೆ ಒರೆಸಿದರು.

"ನಮ್ದು ಕಣಣ್ಣ," ಅಂದರು.